ಮಳೆಯನ್ನು ಓಡಿಸಿದ್ದು ಫ್ಯಾನೇ?

(ಯಲಬುರ್ಗಾದಲ್ಲಿ 2025ರ ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ವಿದ್ಯುತ್ ಇಂಜಿನಿಯರ್ ಒಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಶ್ರಾವಣದ ತಿಂಗಳಿಡೀ ಇಲ್ಲಿ ಶರಣರ ಬದುಕಿನ ಮೇಲೆ ಮಾತು ನಡೆಯುತ್ತದೆ. ಇವತ್ತೊಂದು ದಿನ ಕರೆಂಟಿನ ಮನುಷ್ಯನನ್ನು ಕೂರಿಸಿದ್ದೀರಿ. ನಾನು ಪ್ರವಚನಕಾರನಲ್ಲ. ಕಲಬುರಗಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, 1982ರಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿ, ಕಂಬ, ತಂತಿ, ಟಿಸಿ, ಸಬ್‌ಸ್ಟೇಷನ್ ಎಂದು ಮೂವತ್ತಾರು ವರ್ಷ ತಿರುಗಿ 2018ರಲ್ಲಿ ನಿವೃತ್ತನಾದವನು. ಹವಾಮಾನ ಬದಲಾವಣೆಯ ಬಗ್ಗೆ ಮಾತಾಡಿ ಎಂದು ಪೂಜ್ಯರು ಅಪ್ಪಣೆ ಮಾಡಿದರು. ದೊಡ್ಡ ವಿಷಯ. ಎಲ್ಲಿಂದ ಶುರು ಮಾಡಲಿ ಎಂದು ನಾಲ್ಕು ದಿನ ಯೋಚಿಸಿದೆ. ಕೊನೆಗೆ ಕುಕನೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹಿರಿಯರು ಕೇಳಿದ ಪ್ರಶ್ನೆಯಿಂದಲೇ ಶುರು ಮಾಡೋಣ ಅನ್ನಿಸಿತು.

ಅವರು ಅಂದರು: "ಸಾಹೇಬ್ರ, ನೀವು ಓದಿದವ್ರು, ಖರೇ ಹೇಳ್ರಿ. ಈ ಫ್ಯಾನು ಬಂದ ಮ್ಯಾಲೆ ಮಳಿ ಹೋತು. ಮೋಡ ಬರ್ತಾವ, ಫ್ಯಾನು ತಿರಗತಾವ, ಮೋಡ ಚೆದರಿ ಹೋಗ್ತಾವ. ನಾವು ಕಣ್ಣಿಲೆ ನೋಡೇವಿ."

ಈ ಮಾತನ್ನು ನೀವೆಲ್ಲ ಕೇಳಿದ್ದೀರಿ. ಇಲ್ಲಿ ಕುಳಿತವರಲ್ಲಿ ಅರ್ಧ ಜನ ನಂಬಿಯೂ ಇದ್ದೀರಿ. ಕುಷ್ಟಗಿ, ಯಲಬುರ್ಗಾ, ಕುಕನೂರು ಕಡೆ ಎರೆ ಹೊಲಗಳಲ್ಲಿ ಈಗ ಎತ್ತ ನೋಡಿದರೂ ಫ್ಯಾನು. ರಾತ್ರಿ ಮಾಳಿಗೆ ಹತ್ತಿ ನಿಂತರೆ ಕೆಂಪು ದೀಪಗಳು ಮಿನುಗುತ್ತವೆ. ಆಷಾಢ, ಶ್ರಾವಣದಲ್ಲಿ ಅವು ಜೋರಾಗಿ ತಿರುಗುತ್ತವೆ. ಅದೇ ಹೊತ್ತಿನಲ್ಲಿ ಮೋಡ ತೇಲಿ ಹೋಗುತ್ತದೆ, ಮಳೆ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡಿದವನು ಗಂಟು ಹಾಕುವುದು ಸಹಜ. ನಾನು ಆ ಹಿರಿಯರನ್ನು ನೋಡಿ ನಗಲಿಲ್ಲ. ಯಾಕೆ ನಗಲಿಲ್ಲ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಲೆಕ್ಕ ನೋಡೋಣ.

ಇತ್ತೀಚಿನ ಫ್ಯಾನಿನ ಕಂಬ 120ರಿಂದ 140 ಮೀಟರ್ ಎತ್ತರ. ರೆಕ್ಕೆಯ ತುದಿ ಮೇಲೆ ಬಂದಾಗ 200 ಮೀಟರ್ ಅಂದುಕೊಳ್ಳಿ. ಮಳೆ ತರುವ ಮೋಡದ ತಳ ಸಾಮಾನ್ಯವಾಗಿ ನೆಲದಿಂದ ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ಇರುತ್ತದೆ, ತಲೆ ಹತ್ತು ಕಿಲೋಮೀಟರ್ ದಾಟುವುದೂ ಉಂಟು. ಫ್ಯಾನಿನ ರೆಕ್ಕೆ ಆ ಮೋಡವನ್ನು ಮುಟ್ಟುವುದಿಲ್ಲ. ಇನ್ನೊಂದು ಮಾತು: ಮೋಡ ಚೆದರುವುದು ಫ್ಯಾನು ತಿರುಗುವುದರಿಂದಲ್ಲ. ಗಾಳಿ ಜೋರಾಗಿದ್ದಾಗ ಮೋಡವೂ ಓಡುತ್ತದೆ, ಫ್ಯಾನೂ ತಿರುಗುತ್ತದೆ. ಎರಡಕ್ಕೂ ಗಾಳಿಯೇ ಕಾರಣ. ಧ್ವಜ ಹಾರಿದ್ದರಿಂದ ಗಾಳಿ ಬೀಸಿತು ಎಂದು ನಾವು ಹೇಳುವುದಿಲ್ಲವಲ್ಲ.

ಫ್ಯಾನಿನಿಂದ ಏನೂ ಆಗುವುದೇ ಇಲ್ಲ ಎಂದೂ ನಾನು ಹೇಳುವುದಿಲ್ಲ. ರೆಕ್ಕೆಯ ಹಿಂದೆ ಗಾಳಿ ಕಲಕುತ್ತದೆ. ರಾತ್ರಿ ಮೇಲಿನ ಬೆಚ್ಚಗಿನ ಗಾಳಿ ಕೆಳಗೆ ಬಂದು ನೆಲದ ಬಳಿ ಬಿಸಿ ತುಸು ಏರುವುದನ್ನು ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ಉಪಗ್ರಹದಿಂದ ಅಳೆದಿದ್ದಾರೆ. ಅದು ಆ ಹೊಲಗಳ ಮಟ್ಟಿನ ಮಾತು. ಮುಂಗಾರನ್ನು ತಿರುಗಿಸುವ ಶಕ್ತಿ ಅದಕ್ಕಿಲ್ಲ.

ಈಗ ನಮ್ಮ ನೆನಪನ್ನೇ ಸಾಕ್ಷಿಗೆ ಕರೆಯೋಣ. 1791-92ರ ಡೋಗಿ ಬರದ ಹೆಸರನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದ ಬರ ಅದು. 1876ರಿಂದ 78ರವರೆಗಿನ ಬರ ಬಂತು. 1972ರ ಬರ ನನ್ನ ಕಣ್ಣಿಗೆ ಕಟ್ಟಿದಂತಿದೆ, ಆಗ ನನಗೆ ಹದಿನಾಲ್ಕು ವರ್ಷ. ಆಗ ಫ್ಯಾನು ಎಲ್ಲಿತ್ತು? ನಮ್ಮದು ಮೊದಲಿನಿಂದಲೂ ಸಹ್ಯಾದ್ರಿಯ ಬೆನ್ನ ಹಿಂದಿನ ಮಳೆನೆರಳಿನ ಸೀಮೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅವುಗಳಲ್ಲಿ ಒಂದೂ ಫ್ಯಾನು ಇಲ್ಲದ ತಾಲ್ಲೂಕುಗಳು ಎಷ್ಟೋ. ಆ ವರ್ಷದ ಆಗಸ್ಟ್ ತಿಂಗಳು ಇಡೀ ದೇಶಕ್ಕೆ 1901ರಿಂದ ಈಚೆಗೆ ಅತ್ಯಂತ ಒಣ ಆಗಸ್ಟ್. ಅದು ಶಾಂತಸಾಗರದ ನೀರು ಬಿಸಿಯಾಗುವ ಎಲ್ ನಿನೊ ವರ್ಷ. ಮರುವರ್ಷ 2024ರಲ್ಲಿ ಫ್ಯಾನುಗಳು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿದ್ದವು. ಆದರೂ ಮಳೆ ಬಂತು, ತುಂಗಭದ್ರೆ ತುಂಬಿತು. ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಹರಿದು ನೀರು ಕೊಚ್ಚಿ ಹೋದ ಮೇಲೂ ಮತ್ತೆ ತುಂಬಿತು.

ಮಳೆ ಬರದಿದ್ದರೆ ಕತ್ತೆಗೆ ಮದುವೆ ಮಾಡುವುದನ್ನು, ಕಪ್ಪೆಗೆ ಮದುವೆ ಮಾಡುವುದನ್ನು ಈ ವೇದಿಕೆಯಿಂದ ಎಷ್ಟೋ ಸಲ ಟೀಕಿಸಿದ್ದೇವೆ. ಸರಿಯಾಗಿಯೇ ಟೀಕಿಸಿದ್ದೇವೆ. ಕತ್ತೆಯ ಜಾಗದಲ್ಲಿ ಫ್ಯಾನನ್ನು ನಿಲ್ಲಿಸಿದರೆ ನಾವು ಹೆಚ್ಚು ವೈಜ್ಞಾನಿಕರಾದಂತೆ ಆಗುವುದಿಲ್ಲ. ಎರಡರಲ್ಲೂ ಕಣ್ಣೆದುರಿಗೆ ಸಿಕ್ಕಿದ್ದನ್ನು ಹಿಡಿದುಕೊಂಡಿದ್ದೇವೆ, ಕಾಣದ ಕಾರಣವನ್ನು ಹುಡುಕಿಲ್ಲ.

ಕಾಣದ ಕಾರಣ ಯಾವುದು? ನಮ್ಮ ಕುರಿ ಕಾಯುವ ಹಾಲುಮತದ ಅಣ್ಣಂದಿರು ಹೊದೆಯುವ ಕಂಬಳಿ ಗೊತ್ತಲ್ಲ. ಕಂಬಳಿಯೊಳಗೆ ಬೆಂಕಿ ಇಲ್ಲ. ಅದು ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೆ. ಭೂಮಿಗೂ ಅಂಥ ಒಂದು ಕಂಬಳಿ ಇದೆ. ಹಗಲು ಬಿಸಿಲಿಗೆ ಕಾದ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ನೀರಾವಿ, ಮೀಥೇನ್ ಆ ಬಿಸಿಯಲ್ಲಿ ಒಂದಿಷ್ಟನ್ನು ಹಿಡಿದು ವಾಪಸ್ಸು ಕೊಡುತ್ತವೆ. ಈ ಕಂಬಳಿ ಇಲ್ಲದಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು. ಇರಬೇಕಾದದ್ದೇ. ಆದರೆ ಬೇಸಿಗೆಯಲ್ಲಿ ಎರಡನೆಯ ಕಂಬಳಿ, ಮೂರನೆಯ ಕಂಬಳಿ ಹೊದಿಸಿದರೆ ಏನಾಗುತ್ತದೆ?

ಇದು ಇತ್ತೀಚೆಗೆ ಯಾರೋ ಹೊಸೆದ ಮಾತಲ್ಲ. 1856ರಲ್ಲಿ ಯೂನಿಸ್ ಫೂಟ್ ಎಂಬ ಅಮೆರಿಕದ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಹೆಚ್ಚು ಕಾಯುವುದನ್ನು ತೋರಿಸಿದಳು. ಮೂರು ವರ್ಷದ ನಂತರ ಟಿಂಡಾಲ್ ಎಂಬ ವಿಜ್ಞಾನಿ ಅದನ್ನು ಇನ್ನೂ ನಿಖರವಾಗಿ ಅಳೆದ. ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ 280 ಪಾಲು ಇತ್ತು. 1958ರಲ್ಲಿ ಹವಾಯಿ ದ್ವೀಪದ ಬೆಟ್ಟದ ಮೇಲೆ ಕೀಲಿಂಗ್ ಎಂಬವನು ಅಳೆಯಲು ಶುರು ಮಾಡಿದಾಗ 315. ನಾನು ಹುಟ್ಟಿದ ವರ್ಷ ಅದು. ಈಗ 420 ದಾಟಿದೆ. ಅದು ಕಲ್ಲಿದ್ದಲು, ಎಣ್ಣೆಯಿಂದಲೇ ಬಂತು ಎನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳುತ್ತಾರೆ. ಸಾಕ್ಷಿ ಇದೆ. ನೆಲದಡಿ ಕೋಟ್ಯಂತರ ವರ್ಷ ಹೂತಿದ್ದ ಇಂಗಾಲದಲ್ಲಿ, ಜೀವಂತ ಗಿಡಗಳ ಇಂಗಾಲದಲ್ಲಿರುವ ವಿಕಿರಣದ ಗುರುತು ಅಳಿಸಿ ಹೋಗಿರುತ್ತದೆ. ಗಾಳಿಯಲ್ಲಿ ಹೆಚ್ಚುತ್ತಿರುವುದು ಆ ಗುರುತಿಲ್ಲದ ಹಳೆಯ ಇಂಗಾಲ.

ಇದಕ್ಕೂ ನಮ್ಮ ಮಳೆಗೂ ಏನು ಸಂಬಂಧ? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಅಂದರೆ ಕೊಡ ದೊಡ್ಡದಾಯಿತು. ದೊಡ್ಡ ಕೊಡ ತುಂಬಲು ತಡ, ಸುರಿದರೆ ಧೋ ಎಂದು ಸುರಿಯುತ್ತದೆ. ನೆಲದಿಂದ ತೇವವನ್ನೂ ಬೇಗ ಹೀರುತ್ತದೆ. ಹಾಗಾಗಿ ಬಿತ್ತಿದ ಮೇಲೆ ಇಪ್ಪತ್ತು ದಿನ ಮಳೆ ಇಲ್ಲ, ಆಮೇಲೆ ಒಂದೇ ರಾತ್ರಿಗೆ ಬದು ಒಡೆಯುವಷ್ಟು ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದೇ 600 ಮಿಲಿಮೀಟರ್ ಆಸುಪಾಸು. ಅದು ಅರವತ್ತು ಸಲ ಬಿದ್ದರೆ ಸಜ್ಜೆ, ಹೆಸರು, ತೊಗರಿ ಬರುತ್ತದೆ. ಹದಿನೈದು ಸಲ ಬಿದ್ದರೆ ಮೇಲ್ಮಣ್ಣು ಹಳ್ಳಕ್ಕೆ ಹೋಗುತ್ತದೆ. ಆ ಮಣ್ಣು ಎಲ್ಲಿ ಹೋಗುತ್ತದೆ ಎಂದು ತುಂಗಭದ್ರೆಯನ್ನು ಕೇಳಬೇಕು. 133 ಟಿಎಂಸಿಗೆ ಕಟ್ಟಿದ ಜಲಾಶಯದಲ್ಲಿ ಈಗ ಹಿಡಿಯುವುದು 105 ಚಿಲ್ಲರೆ.

ಇನ್ನು ಕಲ್ಲಿದ್ದಲು. ಅದನ್ನು ನಾನು ಬೈಯಲಾರೆ. ನಾನು ಕೆಲಸಕ್ಕೆ ಸೇರಿದಾಗ ರಾಜ್ಯದ ಕರೆಂಟು ಹೆಚ್ಚುಕಡಿಮೆ ಶರಾವತಿಯ ಮಳೆಯನ್ನು ನಂಬಿತ್ತು. ಅಲ್ಲಿ ಮಳೆ ತಪ್ಪಿದರೆ ಇಲ್ಲಿ ಕತ್ತಲು. 1985ರಲ್ಲಿ ರಾಯಚೂರು ಶಕ್ತಿನಗರದ ಮೊದಲ ಘಟಕ ಶುರುವಾದಾಗ ನಾವು ಆಫೀಸಿನಲ್ಲಿ ಪೇಢೆ ಹಂಚಿದೆವು. ಅಲ್ಲಿ ಈಗ 1720 ಮೆಗಾವ್ಯಾಟ್, ಕುಡಿತಿನಿಯಲ್ಲಿ 1700, ಯರಮರಸ್‌ನಲ್ಲಿ 1600. ನಮ್ಮ ಮಕ್ಕಳು ಆ ಬೆಳಕಿನಲ್ಲಿ ಓದಿ ಇಂಜಿನಿಯರಾದರು, ಡಾಕ್ಟರಾದರು. ಆ ಋಣ ಇದೆ. ಆದರೆ ಲೆಕ್ಕ ತಿಳಿದಿರಬೇಕು. ಹೊಲದಲ್ಲಿ 5 ಎಚ್‌ಪಿ ಮೋಟರು ದಿನಕ್ಕೆ ಏಳು ತಾಸು ಓಡಿದರೆ ಸುಮಾರು 30 ಯೂನಿಟ್. ಅದೆಲ್ಲ ಕಲ್ಲಿದ್ದಲಿನಿಂದ ಬಂದಿದ್ದರೆ ಎಲ್ಲೋ 20 ಕೆ.ಜಿ. ಕಲ್ಲಿದ್ದಲು ಉರಿದಿದೆ, 30 ಕೆ.ಜಿ. ಹತ್ತಿರ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿದೆ. 20 ಕೆ.ಜಿ. ಉರಿದು 30 ಕೆ.ಜಿ. ಹೇಗೆ ಎಂದರೆ, ಉರಿಯುವಾಗ ಇಂಗಾಲ ಗಾಳಿಯ ಆಮ್ಲಜನಕವನ್ನು ಜೊತೆಗೆ ಎಳೆದುಕೊಳ್ಳುತ್ತದೆ. ಪಂಪ್‌ಸೆಟ್ಟಿಗೆ ಬಿಲ್ಲು ಬರುವುದಿಲ್ಲ, ಮನೆಗೆ 200 ಯೂನಿಟ್‌ವರೆಗೆ ಬಿಲ್ಲು ಬರುವುದಿಲ್ಲ. ಬಿಲ್ಲು ಬರದಿದ್ದರೂ ಕಲ್ಲಿದ್ದಲು ಉರಿದೇ ಇರುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮ ಕೊಪ್ಪಳದಲ್ಲಿ ಹೊಗೆಯ ಮಾತು ಬಂದರೆ ಎಲ್ಲರ ಮನಸ್ಸಿಗೆ ಬರುವುದು ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳು. ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡ ಎಂದು 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಶ್ರೀಗಳು ಬೀದಿಗಿಳಿದು ಮುಂದೆ ನಿಂತರು. ಹಿರೇಹಳ್ಳ ಸ್ವಚ್ಛ ಮಾಡಿಸಿದ, ಗಿಣಿಗೇರಿ ಕೆರೆ ಹೂಳು ಎತ್ತಿಸಿದ ಸ್ವಾಮಿಗಳು ಮಾತಾಡಿದರೆ ಆ ಮಾತಿಗೆ ತೂಕ ಇರುತ್ತದೆ. ಜನ ಎದ್ದದ್ದು ಕಪ್ಪು ಬೂದಿಗೆ, ಕೆಮ್ಮಿಗೆ, ಬೆಳೆಯ ಮೇಲೆ ಕೂರುವ ಧೂಳಿಗೆ. ಅದು ನ್ಯಾಯ. ಆದರೆ ಧೂಳು ಬೇರೆ, ನಾನು ಹೇಳುತ್ತಿರುವ ಕಂಬಳಿ ಬೇರೆ. ಧೂಳನ್ನು ಚಿಮಣಿಯಲ್ಲಿ ಯಂತ್ರ ಕೂರಿಸಿ ಹಿಡಿಯಬಹುದು. ಹಿಡಿಯುವುದಿಲ್ಲ, ಏಕೆಂದರೆ ಆ ಯಂತ್ರವೂ ಕರೆಂಟು ತಿನ್ನುತ್ತದೆ, ರಾತ್ರಿ ಬಂದ್ ಮಾಡಿದರೆ ಉಳಿತಾಯ. ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆ ಇಲ್ಲ. ಆ ಯಂತ್ರಕ್ಕೆ ಅದು ಸಿಗುವುದಿಲ್ಲ. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕು ತಯಾರಾದರೆ ಸರಾಸರಿ ಎರಡೂವರೆ ಟನ್‌ನಷ್ಟು ಹೊರಬರುತ್ತದೆ. ನಾಳೆ ಕಾರ್ಖಾನೆಯವರು ಬಿಳಿ ಚಿಮಣಿ ತೋರಿಸಿ, ನೋಡಿ ಹೊಗೆಯೇ ಇಲ್ಲ ಎಂದರೆ, ಧೂಳಿನ ಮಟ್ಟಿಗೆ ಒಪ್ಪಿ. ಉಳಿದದ್ದನ್ನು ಕೇಳಿ.

ಅಣುಸ್ಥಾವರಕ್ಕೆ ನಮ್ಮ ಜಿಲ್ಲೆಯಲ್ಲಿ ಜಾಗ ನೋಡುತ್ತಾರೆ ಎಂಬ ಸುದ್ದಿಯೂ ಬಂತು. ಅಣುಶಕ್ತಿ ಎಂದರೆ ಬಾಂಬು ಎಂದು ಹೆದರುವವರ ಜೊತೆ ನಾನಿಲ್ಲ. ಕೈಗಾದ ಒಂದನೇ ಘಟಕ 2018ರಲ್ಲಿ ಒಂಬೈನೂರು ದಿನಕ್ಕೂ ಹೆಚ್ಚು ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿತು. ಅಲ್ಲಿ ಕಲ್ಲಿದ್ದಲಿನ ಹೊಗೆ ಇಲ್ಲ. ನನ್ನ ತಕರಾರು ನೀರಿನದು. ಇಂಥ ಸ್ಥಾವರ ಒಂದು ಯೂನಿಟ್ಟಿಗೆ ಎರಡು-ಮೂರು ಲೀಟರ್ ನೀರನ್ನು ಆವಿ ಮಾಡುತ್ತದೆ. ಕೈಗಾದ ಬಳಿ ಕಾಳಿ ನದಿ ಇದೆ, ಸುತ್ತ ಮಲೆನಾಡಿನ ಮಳೆ ಇದೆ. ಮೂರು ರಾಜ್ಯ ಹಂಚಿಕೊಂಡು, ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಪ್ರತಿ ವರ್ಷ ಕಾಯುವ ತುಂಗಭದ್ರೆಯಲ್ಲಿ ಆ ನೀರು ಯಾರ ಪಾಲಿನದು?

ಒಂದು ಕಾಲೇಜಿನಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬ ತಮ್ಮ ಎದ್ದು ನಿಂತ. "ಸರ್, ಅಮೆರಿಕದವರು ಉರಿಸಿ ಉರಿಸಿ ಶ್ರೀಮಂತರಾದರು. ಈಗ ನಾವು ಉರಿಸಬಾರದಾ?" ಒಳ್ಳೆಯ ಪ್ರಶ್ನೆ. ಅಮೆರಿಕದ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಬರುತ್ತದೆ, ನಮ್ಮ ದೇಶದವನ ಪಾಲಿಗೆ 2 ಟನ್. ಇಲ್ಲಿಯವರೆಗೆ ಗಾಳಿಗೆ ಸೇರಿದ್ದರಲ್ಲಿ ಕಾಲು ಭಾಗದಷ್ಟು ಅವರದ್ದೊಂದೇ ದೇಶದ್ದು. ಸಾಲ ಮಾಡಿದವರು ಮೊದಲು ತೀರಿಸಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ ನಮ್ಮ ದೇಶ 2070ರ ಗಡುವು ಹೇಳಿದ್ದು ಅದಕ್ಕೇ. ಆದರೆ ತಮ್ಮಾ, ಆ 2 ಟನ್‌ನ ಲೆಕ್ಕ ನಮ್ಮೊಳಗೂ ಹಂಚಬೇಕಲ್ಲ? ಯಲಬುರ್ಗಾದಲ್ಲಿ ಕೂಲಿಗೆ ಹೋಗುವ ಅಕ್ಕನ ಪಾಲು ಅರ್ಧ ಟನ್ನೂ ಇರಲಿಕ್ಕಿಲ್ಲ. ಕಾರು, ಏಸಿ ಇಟ್ಟುಕೊಂಡ ನನ್ನಂಥ ಪಿಂಚಣಿದಾರ ಆಕೆಯ ಹೆಸರಿನ ಹಿಂದೆ ಅಡಗಿಕೊಂಡು, ನಾವು ಬಡವರು ನಮಗೆ ಉರಿಸಲು ಬಿಡಿ ಎನ್ನುವುದು ಎಷ್ಟು ಸರಿ? ಮೇಲಾಗಿ ಈಗ ಹೊಸ ಸೋಲಾರಿನ ಕರೆಂಟು ಯೂನಿಟ್ಟಿಗೆ ಎರಡೂವರೆ ರೂಪಾಯಿ ಆಸುಪಾಸಿಗೆ ಸಿಗುತ್ತದೆ, ಹೊಸ ಕಲ್ಲಿದ್ದಲಿನ ಕರೆಂಟಿಗಿಂತ ಅಗ್ಗ. ಈ ವರ್ಷದ ಜೂನ್ ಹೊತ್ತಿಗೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಎಣ್ಣೆ, ಅನಿಲ ಬಿಟ್ಟು ಬೇರೆ ಮೂಲದ್ದಾಯಿತು. ಸಾಮರ್ಥ್ಯ ಅರ್ಧ ಎಂದರೆ ಕರೆಂಟು ಅರ್ಧ ಅಲ್ಲ, ಸೂರ್ಯ ರಾತ್ರಿ ಇರುವುದಿಲ್ಲ. ಸಂಜೆ ಏಳಕ್ಕೆ ಎಲ್ಲರೂ ಸ್ವಿಚ್ ಒತ್ತುತ್ತಾರೆ. ಅದಕ್ಕೆ ಹಗಲು ನೀರನ್ನು ಮೇಲೆತ್ತಿ ರಾತ್ರಿ ಬಿಡುವ ಯೋಜನೆಗಳು ಬರುತ್ತಿವೆ. ಶರಾವತಿ ಕಣಿವೆಯಲ್ಲಿ ಅಂಥ 2000 ಮೆಗಾವ್ಯಾಟ್‌ನ ಯೋಜನೆಗೆ ಕಾಡು ಹೋಗುತ್ತದೆ ಎಂದು ಅಲ್ಲಿಯ ಜನ ವಿರೋಧಿಸುತ್ತಿದ್ದಾರೆ. ಯಾವುದೂ ಪುಕ್ಕಟೆ ಅಲ್ಲ.

ಹಗಲಿನ ಕರೆಂಟು ಎಂದೆ. ಅದರ ಬೆಲೆ ಹಳೆಯ ರೈತರಿಗೆ ಗೊತ್ತು. ರಾತ್ರಿ ಎರಡಕ್ಕೆ ತ್ರೀ ಫೇಸ್ ಬರುತ್ತಿದ್ದ ಕಾಲದಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ ಹಾವು ಕಚ್ಚಿಸಿಕೊಂಡವರ ಮನೆಗಳಿಗೆ ನಾನು ಹೋಗಿದ್ದೇನೆ. ಬಿಸಿಲಿನಿಂದ ಬರುವ ಕರೆಂಟು ಬಿಸಿಲಿದ್ದಾಗಲೇ ಬರುತ್ತದೆ, ರೈತ ರಾತ್ರಿ ಮಲಗಬಹುದು.

ಗಂಗಾವತಿಯ ಬಂಧುಗಳು ಇಲ್ಲಿದ್ದೀರಿ, ನಿಮಗೂ ಒಂದು ಮಾತಿದೆ. ಹೊಗೆ ಇಲ್ಲದ ಕಡೆಯೂ ಕಂಬಳಿ ದಪ್ಪವಾಗುತ್ತದೆ. ಎಡದಂಡೆ ಕಾಲುವೆಯ ಭತ್ತದ ಗದ್ದೆಯಲ್ಲಿ ನೀರು ಸದಾ ನಿಂತಿರುತ್ತದೆ. ನೀರಿನಡಿ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಕೊಳೆತ ಕಸದಿಂದ ಮೀಥೇನ್ ಮಾಡುತ್ತವೆ. ಗದ್ದೆಯಲ್ಲಿ ಕಾಲಿಟ್ಟರೆ ಗುಳುಗುಳು ಗುಳ್ಳೆ ಬರುತ್ತದಲ್ಲ, ಅದರಲ್ಲಿ ಅದೂ ಇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಇದಕ್ಕೆ ಭತ್ತ ಬಿಡಿ ಎಂದು ನಾನು ಹೇಳುವುದಿಲ್ಲ. ಸೋನಾ ಮಸೂರಿ ಉಣ್ಣುವವನು ಹಾಗೆ ಹೇಳಬಾರದು. ಒಂದು ಅಡಿ ಉದ್ದದ ತೂತು ಹಾಕಿದ ಪಿವಿಸಿ ಪೈಪನ್ನು ಗದ್ದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೂಳಿ. ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೆ ಮತ್ತೆ ನೀರು ಕಟ್ಟಬೇಡಿ, ಹೂ ಬಿಡುವ ಹೊತ್ತೊಂದನ್ನು ಬಿಟ್ಟು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹರಡಿದ ವಿಧಾನ ಇದು. ಮೀಥೇನ್ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಇಳಿಯುತ್ತದೆ, ಸರಿಯಾಗಿ ಮಾಡಿದರೆ ಇಳುವರಿ ಕಡಿಮೆಯಾಗುವುದಿಲ್ಲ, ನೀರು ಉಳಿಯುತ್ತದೆ. ಕಾಲುವೆಯ ತುದಿಯಲ್ಲಿರುವ ರೈತನಿಗೆ ಆ ನೀರು ಸಿಗುತ್ತದೆ. ಕೂರಿಗೆ ಭತ್ತ ಮಾಡುವವರು ಇದನ್ನು ಅರ್ಧ ಈಗಾಗಲೇ ಮಾಡುತ್ತಿದ್ದಾರೆ. ತೊಂದರೆ ಒಂದೇ. ಕಾಲುವೆಯಲ್ಲಿ ನಾಳೆ ನೀರು ಬರುತ್ತದೆ ಎಂಬ ಭರವಸೆ ಇದ್ದರೆ ಮಾತ್ರ ರೈತ ಇವತ್ತು ಗದ್ದೆ ಒಣಗಿಸುತ್ತಾನೆ. ಸರದಿ ತಪ್ಪದೆ ನೀರು ಬಿಡದಿದ್ದರೆ ಈ ಪೈಪು ದನ ಕಟ್ಟುವ ಗೂಟವಾಗುತ್ತದೆ.

ಈಗ ಫ್ಯಾನಿಗೆ ವಾಪಸ್ಸು ಬರುತ್ತೇನೆ. 3 ಮೆಗಾವ್ಯಾಟ್‌ನ ಒಂದು ಫ್ಯಾನು ನಮ್ಮ ಸೀಮೆಯ ಗಾಳಿಗೆ ವರ್ಷಕ್ಕೆ 75 ಲಕ್ಷ ಯೂನಿಟ್ ಆಸುಪಾಸು ಕೊಡುತ್ತದೆ. ಅಷ್ಟನ್ನು ಕಲ್ಲಿದ್ದಲಿನಿಂದ ಮಾಡಲು 5 ಸಾವಿರ ಟನ್ ಬೇಕು, 200 ಲಾರಿ ಲೋಡು. ಫ್ಯಾನಿಗೂ ಉಕ್ಕು ಬೇಕು, ಸಿಮೆಂಟು ಬೇಕು, ಅವನ್ನು ಮಾಡುವಾಗ ಹೊಗೆ ಬಂದಿರುತ್ತದೆ, ನಿಜ. ಅದನ್ನು ತಯಾರಿಸಲು ಹಿಡಿದ ಶಕ್ತಿಯನ್ನು ಅದು ಹೆಚ್ಚುಕಡಿಮೆ ಒಂದು ವರ್ಷದೊಳಗೆ ಹಿಂತಿರುಗಿಸುತ್ತದೆ. ಆಮೇಲೆ ಇಪ್ಪತ್ತು ವರ್ಷ ಲಾಭ. ಇಂಜಿನಿಯರನಾಗಿ ನಾನು ಫ್ಯಾನಿನ ಪರ.

ಆದರೆ ಆ ಹಿರಿಯರನ್ನು ನೋಡಿ ನಾನು ನಗಲಿಲ್ಲ ಎಂದೆನಲ್ಲ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮ ದೊಡ್ಡಪ್ಪನ ಮಕ್ಕಳಿಬ್ಬರ ಹೊಲ ಇದೆ. ನಾನು ನಿವೃತ್ತನಾದ ಹೊಸದರಲ್ಲಿ ಹಿರಿಯವನು ಒಂದು ದಪ್ಪ ಕಾಗದದ ಕಟ್ಟು ತಂದ. ಇಂಗ್ಲಿಷಿನಲ್ಲಿತ್ತು, ನಲವತ್ತು ಪುಟ. "ತಮ್ಮಾ, ಫ್ಯಾನಿನವರು ಎರಡು ಎಕರೆ ಕೇಳ್ಯಾರ. ನೀ ಓದಿ ಹೇಳು, ನೀ ಹೂಂ ಅಂದ್ರ ಸಹಿ ಮಾಡ್ತೀನಿ." ನಾನು ಓದಿದೆ. ಏನು ಓದಿದೆ? ಎಷ್ಟು ಮೆಗಾವ್ಯಾಟ್, ಎಷ್ಟು ಎತ್ತರ, ಎಷ್ಟು ಕೆವಿ ಲೈನು. ಹುಮ್ಮಸ್ಸಿನಿಂದ ಅಂದೆ, "ಅಣ್ಣಾ, ಹೊಗಿ ಇಲ್ಲದ ಕರೆಂಟು, ದೇಶಕ್ಕ ಒಳ್ಳೇದು, ನಿನಗೂ ರೊಕ್ಕ ಬರ್ತೈತಿ. ಮಾಡು." ಅವನು ಸಹಿ ಮಾಡಿದ.

ಓದದೆ ಬಿಟ್ಟ ಪುಟಗಳಲ್ಲಿ ಏನಿತ್ತು ಎಂದು ಆಮೇಲೆ ತಿಳಿಯಿತು. ಮೂವತ್ತು ವರ್ಷದ ಅವಧಿ. ಕಂಪನಿ ಈ ಹಕ್ಕನ್ನು ಯಾರಿಗೆ ಬೇಕಾದರೂ ವರ್ಗಾಯಿಸಬಹುದು. ಅಗತ್ಯ ಬಿದ್ದಷ್ಟು ದಾರಿ ಮಾಡಿಕೊಳ್ಳಬಹುದು. ಅವಧಿ ಮುಗಿದ ಮೇಲೆ ಕಾಂಕ್ರೀಟಿನ ಬುನಾದಿ ಯಾರು ಕೀಳಬೇಕು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಒಂದು ಫ್ಯಾನಿನ ಬುನಾದಿ ಎಂದರೆ ನಾನೂರು-ಐನೂರು ಘನ ಮೀಟರ್ ಕಾಂಕ್ರೀಟು. ಅರವತ್ತು-ಎಪ್ಪತ್ತು ಮೀಟರ್ ಉದ್ದದ ರೆಕ್ಕೆ ಹೊತ್ತ ಲಾರಿ ತಿರುಗಲು ಅಗಲವಾದ ದಾರಿ ಬೇಕು. ಆ ದಾರಿ ಕಿರಿಯವನ ಹೊಲದ ಅಂಚಿನಲ್ಲಿ ಬಂತು. ಮರಂ ಹಾಕಿ, ರೋಲರ್ ಹೊಡೆದು, ಎರೆ ಮಣ್ಣು ಕಲ್ಲಾಯಿತು. ನೀರು ಹರಿಯುವ ಕಡೆ ಕಟ್ಟಿದ್ದರಿಂದ ಮಳೆ ಬಂದಾಗ ಅವನ ಹೊಲದಲ್ಲಿ ನೀರು ನಿಂತು ಕಡಲೆ ಕೊಳೆಯಿತು. ಬಾಡಿಗೆ ಹಿರಿಯವನಿಗೆ, ಕೆಟ್ಟದ್ದು ಕಿರಿಯವನ ಹೊಲ. ಎರಡು ವರ್ಷದಲ್ಲಿ ಆ ಕಂಪನಿ ಯೋಜನೆಯನ್ನು ಇನ್ನೊಬ್ಬರಿಗೆ ಮಾರಿತು. ಹೊಸಬರು ದಾರಿಯ ಮಾತು ನಮಗೆ ಗೊತ್ತಿಲ್ಲ ಎಂದರು. ಅಣ್ಣತಮ್ಮಂದಿರು ಉಗಾದಿಗೂ ಒಂದೇ ಪಂಕ್ತಿಯಲ್ಲಿ ಕೂತಿಲ್ಲ. ಕಿರಿಯವನು ನನ್ನ ಜೊತೆಯೂ ಮಾತು ಬಿಟ್ಟ. ಮೆಗಾವ್ಯಾಟ್ ಓದಿದವನು ನಾನು, ಕಾಗದ ಓದಲಿಲ್ಲ.

ಆ ಕಿರಿಯವನು ಈಗ ಏನು ಹೇಳುತ್ತಾನೆ ಗೊತ್ತೇ? ಫ್ಯಾನು ಮಳೆ ಓಡಿಸುತ್ತದೆ ಎಂದು. ಕಚೇರಿಗೆ ಹೋಗಿ ಅರ್ಜಿ ಕೊಟ್ಟ. ಮೊದಲ ಸಾಲಿನಲ್ಲಿ ಮಳೆಯ ಮಾತು, ಕೊನೆಯ ಸಾಲಿನಲ್ಲಿ ದಾರಿಯ ಮಾತು. ಮೇಜಿನ ಹಿಂದಿದ್ದವರು ಮೊದಲ ಸಾಲು ಓದಿ ನಕ್ಕು, ಅರ್ಜಿಯನ್ನು ಮಡಚಿ ಇಟ್ಟರು. ಕೊನೆಯ ಸಾಲನ್ನು ಯಾರೂ ಓದಲಿಲ್ಲ. ಅವನ ದೂರು ನಿಜವಾದದ್ದು. ಅದನ್ನು ಹೊತ್ತುಕೊಂಡು ಹೋದ ಕಾರಣ ಸುಳ್ಳು. ಕಂಪನಿಯವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಈ ಜನಕ್ಕೆ ವಿಜ್ಞಾನ ತಿಳಿಯುವುದಿಲ್ಲ, ಮೂಢರು ಎಂದರೆ ಮುಗಿಯಿತು. ಮಳೆಯ ಮಾತನ್ನು ಕೈಬಿಡಿ ಎಂದು ನಾನು ಬೇಡಿಕೊಳ್ಳುವುದು ಕಂಪನಿಯ ಪರವಾಗಿ ಅಲ್ಲ. ದಾರಿ, ಹಳ್ಳ, ಬಾಡಿಗೆ, ಬುನಾದಿ, ಇವುಗಳ ಮಾತು ನಿಲ್ಲಬೇಕಾದರೆ ಅದು ಬಿಡಬೇಕು.

ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ 13 ಸಾವಿರ ಎಕರೆ ತೆಗೆದುಕೊಂಡಾಗ ಭೂಮಿ ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, ಹೆಸರು ರೈತನದೇ. ಎಲ್ಲರಿಗೂ ಒಂದೇ ದರ, ಎಲ್ಲರಿಗೂ ಗೊತ್ತಿರುವ ದರ. ನಮ್ಮಲ್ಲಿ ಒಂದೇ ಊರಿನಲ್ಲಿ ಒಬ್ಬನಿಗೆ ಒಂದು ದರ, ಪಕ್ಕದವನಿಗೆ ಇನ್ನೊಂದು, ಯಾರಿಗೆ ಎಷ್ಟು ಎಂಬುದು ಗುಟ್ಟು. ಆದರೆ ಪಾವಗಡವನ್ನೂ ನಾನು ಹೊಗಳುವುದಿಲ್ಲ. ಅಲ್ಲಿ ಹೊಲ ಇದ್ದವನಿಗೆ ಬಾಡಿಗೆ ಬಂತು, ಹೊಲ ಇಲ್ಲದೆ ಕಳೆ ತೆಗೆದು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದವರಿಗೆ ಏನೂ ಬರಲಿಲ್ಲ. ಅವರ ಕಾಯಕವೇ ಹೋಯಿತು. ಕಾಯಕದ ಬಗ್ಗೆ ದಿನವೂ ಮಾತಾಡುವ ಈ ವೇದಿಕೆಯಿಂದ ಆ ಪ್ರಶ್ನೆ ಬರದಿದ್ದರೆ ಇನ್ನೆಲ್ಲಿಂದ ಬರಬೇಕು? ಊರಿನ ಹೊಲದಲ್ಲಿ ಗಾಳಿ ದುಡಿದು ಕೋಟಿ ತಂದರೆ, ಆ ಊರಿನ ಪಂಚಾಯಿತಿಗೆ, ಶಾಲೆಗೆ, ಭೂಮಿ ಇಲ್ಲದವರ ಮನೆಗೆ ಒಂದು ಪಾಲು ಬರೆದಿಡಬೇಕು. ಇದನ್ನು ಕೇಳುವುದು ಭಿಕ್ಷೆಯಲ್ಲ.

ಪೂಜ್ಯರ ಮುಂದೆ ಎರಡು ವಿನಂತಿ ಇಟ್ಟೆ, ಒಪ್ಪಿದ್ದಾರೆ. ವಸತಿ ನಿಲಯದ ಮಾಳಿಗೆಯ ಮೇಲೆ ಸೋಲಾರ್ ಹಾಕಲು ಲೆಕ್ಕ ಮಾಡಿಕೊಡುತ್ತೇನೆ, ಅದು ಒಂದು. ಎರಡನೆಯದು, ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಇದೇ ಸಭಾಮಂಟಪದಲ್ಲಿ ನಾನು, ಒಬ್ಬ ವಕೀಲರು ಕೂಡುತ್ತೇವೆ. ಫ್ಯಾನಿಗೋ ಸೋಲಾರಿಗೋ ಹೊಲ ಕೊಟ್ಟವರು, ಕೊಡಬೇಕೆಂದಿರುವವರು ಕಾಗದದ ನಕಲು ಮತ್ತು ಪಹಣಿ ತನ್ನಿ. ಒಂದೊಂದು ಪುಟವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುತ್ತೇವೆ. ಸಹಿ ಮಾಡದವರು ಮೊದಲು ಬನ್ನಿ. ಪಕ್ಕದ ಹೊಲದವರನ್ನು ಜೊತೆಗೆ ಕರೆತನ್ನಿ. ಮನೆಯ ಹೆಣ್ಣುಮಕ್ಕಳೂ ಬರಲಿ, ಪಹಣಿಯಲ್ಲಿ ಹೆಸರಿರಲಿ ಇಲ್ಲದಿರಲಿ.

ನಮ್ಮ ಅಣ್ಣ ತನ್ನ ಕಾಗದ ತರುತ್ತೇನೆ ಎಂದಿದ್ದಾನೆ. ಕಿರಿಯವನಿಗೂ ಹೇಳಿ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.